ಕರೆಂಟ್ ಬಂತು, ಡಿವಿಆರ್ ಮಾತ್ರ 2000ನೇ ಇಸವಿಗೆ ಹೋಯ್ತು

ಜನವರಿಯ ಒಂದು ಬೆಳಿಗ್ಗೆ ಸುಂಟಿಕೊಪ್ಪದ ಹತ್ತಿರ ಇರುವ ಚಿಕ್ಕಪ್ಪನ ತೋಟದಿಂದ ಫೋನ್ ಬಂತು. ರೊಬಸ್ಟಾ ಕಾಫಿ ಕೊಯ್ಲು ಜೋರಾಗಿ ನಡೆಯುತ್ತಿದ್ದ ಹೊತ್ತು. ಕಣದ ಪಕ್ಕ ಕಟ್ಟಿಟ್ಟಿದ್ದ ಚೆರಿಯಲ್ಲಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನಲ್ಲಿ, ನಾಲ್ಕು ಚೀಲ ಕಾಣುತ್ತಿಲ್ಲ. ಗೋದಾಮಿನ ಗೋಡೆಗೆ ಕ್ಯಾಮೆರಾ ಹಾಕಿಸಿದ್ದರಿಂದ ಯಾರೂ ಅಷ್ಟೇನೂ ಗಾಬರಿಯಾಗಿರಲಿಲ್ಲ. ರಾತ್ರಿಯ ರೆಕಾರ್ಡಿಂಗ್ ತೆಗೆದರೆ ಗೊತ್ತಾಗುತ್ತೆ, ಅಷ್ಟೇ ಅಲ್ವಾ?

ನಾನು ಹೋಗಿ ಕ್ಯಾಮೆರಾದ ರೆಕಾರ್ಡಿಂಗ್ ಕೂಡಿಡುವ ಡಬ್ಬದಲ್ಲಿ, ಅಂದರೆ ಡಿವಿಆರ್‌ನಲ್ಲಿ, ತಾರೀಖು ಒತ್ತಿದರೆ ಆ ರಾತ್ರಿಯದ್ದು ಏನೂ ಇಲ್ಲ. ಹಿಂದಿನ ದಿನದ್ದೂ ಬೆಳಿಗ್ಗೆ ಹತ್ತರವರೆಗೆ ಮಾತ್ರ ಇದೆ.

"ಕ್ಯಾಮೆರಾನೇ ಕೆಟ್ಟು ಕೂತಿದೆಯೇನೋ?" ಅಂದರು ಚಿಕ್ಕಪ್ಪ.

"ಇಲ್ಲ ಚಿಕ್ಕಪ್ಪ, ಮೂಲೆಯಲ್ಲಿ ಟೈಮ್ ನೋಡಿ."

ಟಿವಿ ಪರದೆಯ ಮೇಲೆ ಕಣ ಚೆನ್ನಾಗೇ ಕಾಣುತ್ತಿತ್ತು. ಬೆಳಿಗ್ಗೆ ಒಂಬತ್ತರ ಬಿಸಿಲು, ಇಬ್ಬರು ಹೆಂಗಸರು ಚೆರಿ ಹರಡುತ್ತಿದ್ದಾರೆ. ಮೇಲಿನ ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ 01-01-2000, 20:02. ಅಂದರೆ ಡಿವಿಆರ್ ಲೆಕ್ಕದಲ್ಲಿ ಆಗ 2000ನೇ ಇಸವಿಯ ಜನವರಿ ಒಂದರ ರಾತ್ರಿ ಎಂಟು ಗಂಟೆ.

ಹಿಂದಿನ ದಿನ ಲೈನ್ ರಿಪೇರಿಗೆ ಅಂತ ಬೆಳಿಗ್ಗೆ ಹತ್ತಕ್ಕೆ ಕರೆಂಟ್ ತೆಗೆದಿದ್ದರು, ಮಧ್ಯಾಹ್ನ ಒಂದರ ಹೊತ್ತಿಗೆ ಬಂತು. ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ ಡಿವಿಆರ್ ಹೀಗೇ ಮಾಡುತ್ತಿತ್ತಂತೆ, ತೋಟದ ಲೆಕ್ಕ ಬರೆಯುವ ರೈಟರ್ ಬಂದು ಕೈಯಲ್ಲೇ ಟೈಮ್ ಸರಿ ಮಾಡಿ ಹೋಗುತ್ತಿದ್ದರಂತೆ. ಆ ದಿನ ಅವರು ರಜೆ.

ಕೊಡಗಿನಲ್ಲಿ ಈಗ ಕಣ, ಗೋದಾಮು, ಗೇಟು, ಹೋಮ್‌ಸ್ಟೇ ಅಂತ ಎಲ್ಲ ಕಡೆ ಕ್ಯಾಮೆರಾ ಇದೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬೀಳುವುದು, ಏಪ್ರಿಲ್‌ನಲ್ಲಿ ಗುಡುಗು ಬಂತು ಅಂತ ಪ್ಲಗ್ ಕೀಳುವುದು ಮಾಮೂಲಿ. ಹಾಗಾಗಿ ಈ ಟೈಮಿನ ತೊಂದರೆ ಯಾಕೆ ಬರುತ್ತೆ, ಹೇಗೆ ತಪ್ಪಿಸಬಹುದು ಅನ್ನೋದನ್ನು ಬುಡದಿಂದ ಹೇಳುತ್ತೇನೆ.

ಒಳಗೆ ಇರುವುದು ಎರಡು ಗಡಿಯಾರ

ಡಿವಿಆರ್ ಅಂದರೆ ಡಿಜಿಟಲ್ ವಿಡಿಯೋ ರೆಕಾರ್ಡರ್. ನೋಡಲು ಡಬ್ಬ, ಒಳಗೆ ಅದೊಂದು ಸಣ್ಣ ಕಂಪ್ಯೂಟರ್. ಪ್ರೊಸೆಸರ್ ಇದೆ, ಹಾರ್ಡ್ ಡಿಸ್ಕ್ ಇದೆ, ಹೆಚ್ಚಿನವುಗಳಲ್ಲಿ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಓಡುತ್ತಿರುತ್ತೆ. ಟೈಮ್ ಇಟ್ಟುಕೊಳ್ಳಲು ಅದಕ್ಕೆ ಎರಡು ದಾರಿ ಇವೆ.

ಒಂದು, ಎಚ್ಚರವಾಗಿರುವಾಗ ಸಾಫ್ಟ್‌ವೇರ್ ತಾನೇ ಸೆಕೆಂಡ್ ಎಣಿಸಿಕೊಂಡು ಹೋಗುವುದು. ನಾವು ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿದ ಹಾಗೆ. ನಿದ್ದೆ ಬಂದರೆ ಎಣಿಕೆ ಹೋಯಿತು. ಪರದೆಯ ಮೂಲೆಯಲ್ಲಿ ಕಾಣುವುದು, ರೆಕಾರ್ಡಿಂಗ್ ಮೇಲೆ ಬೀಳುವುದು ಇದೇ ಟೈಮ್.

ಇನ್ನೊಂದು, ಬೋರ್ಡಿನ ಮೇಲಿರುವ ಆರ್‌ಟಿಸಿ ಅನ್ನುವ ಚಿಕ್ಕ ಗಡಿಯಾರ. ರಿಯಲ್ ಟೈಮ್ ಕ್ಲಾಕ್ ಅಂತ ಅದರ ಪೂರ್ತಿ ಹೆಸರು. ಮಲಗುವಾಗ ತಲೆದಿಂಬಿನ ಪಕ್ಕ ಇಟ್ಟ ಕೈಗಡಿಯಾರ ಅಂದುಕೊಳ್ಳಿ. ನಾವು ಮಲಗಿದರೂ ಅದು ಓಡುತ್ತಿರಬೇಕು, ಎದ್ದ ತಕ್ಷಣ ಅದನ್ನು ನೋಡಿ ಟೈಮ್ ತಿಳಿಯಬೇಕು. ಡಿವಿಆರ್ ಕೂಡ ಆನ್ ಆದ ಕೂಡಲೇ ಆರ್‌ಟಿಸಿಯನ್ನು ನೋಡಿಕೊಂಡು ತನ್ನ ಎಣಿಕೆ ಶುರು ಮಾಡುತ್ತೆ.

ಪ್ಲಗ್ ಹಾಕಿದ್ದಾಗ ಈ ಕೈಗಡಿಯಾರಕ್ಕೂ ಅಡಾಪ್ಟರ್‌ನಿಂದಲೇ ಕರೆಂಟ್. ಕರೆಂಟ್ ಹೋದಾಗ ಒಂದು ಬಟನ್ ಸೆಲ್ ಅದನ್ನು ಓಡಿಸುತ್ತೆ. ಸಾಮಾನ್ಯವಾಗಿ ಅದು ಸಿಆರ್2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಅದಕ್ಕೇ ಆ ನಂಬರ್. ಕೆಲವು ಕಾರಿನ ರಿಮೋಟಿಗೂ ಇದನ್ನೇ ಹಾಕುತ್ತಾರೆ. ಹೊಸದರಲ್ಲಿ 3 ವೋಲ್ಟ್ ಇರುತ್ತೆ, ಕೆಲವು ವರ್ಷ ಬರುತ್ತೆ, ಆಮೇಲೆ ಸದ್ದಿಲ್ಲದೆ ಸಾಯುತ್ತೆ. ಕರೆಂಟ್ ಇರುವವರೆಗೆ ಸೆಲ್ ಸತ್ತಿದ್ದು ಯಾರಿಗೂ ಗೊತ್ತೇ ಆಗಲ್ಲ. ಕರೆಂಟ್ ಹೋಗಿ ಬಂದಾಗ ಕೈಗಡಿಯಾರ ನಿಂತು ಸೊನ್ನೆಯಾಗಿರುತ್ತೆ, ಡಿವಿಆರ್ ಕಾರ್ಖಾನೆಯಲ್ಲಿ ಕೊಟ್ಟ ಮೊದಲ ತಾರೀಖು ಹಿಡಿದು ಏಳುತ್ತೆ. ಕೆಲವಕ್ಕೆ ಅದು 2000, ಕೆಲವಕ್ಕೆ 1970. ಚಿಕ್ಕಪ್ಪನ ಮನೆಯಲ್ಲಿ ಆಗಿದ್ದು ಇದೇ.

ಸೆಲ್ ಚೆನ್ನಾಗಿದ್ದರೂ ನಿಮಿಷ ಜಾರುತ್ತೆ

ಆರ್‌ಟಿಸಿಯ ಒಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಕ್ವಾರ್ಟ್ಜ್ ಹರಳು ಇರುತ್ತೆ. ಅದು ಸೆಕೆಂಡಿಗೆ 32,768 ಸಲ ನಡುಗುತ್ತೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು, ಹಾಗಾಗಿ ಹದಿನೈದು ಸಲ ಅರ್ಧ ಮಾಡುತ್ತ ಬಂದರೆ ಸರಿಯಾಗಿ ಸೆಕೆಂಡಿಗೆ ಒಂದು ಬಡಿತ ಸಿಗುತ್ತೆ. ನಮ್ಮ ಕ್ವಾರ್ಟ್ಜ್ ಕೈಗಡಿಯಾರಗಳ ಒಳಗಿರುವುದೂ ಇದೇ.

ಸಾಧಾರಣ ಹರಳಿನಲ್ಲಿ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ಹೆಚ್ಚು ಕಡಿಮೆ ಇರಬಹುದು. ಕೇಳಲು ಸಣ್ಣದು. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 1.7 ಸೆಕೆಂಡ್, ತಿಂಗಳಿಗೆ 52 ಸೆಕೆಂಡ್, ವರ್ಷಕ್ಕೆ ಹತ್ತು ನಿಮಿಷಕ್ಕೂ ಜಾಸ್ತಿ. ಇದಕ್ಕೆ ಬಿಸಿಯೂ ಸೇರುತ್ತೆ. ಈ ಹರಳು 25 ಡಿಗ್ರಿಯ ಹತ್ತಿರ ಸರಿಯಾಗಿ ಓಡುವಂತೆ ಮಾಡಿದ್ದು. ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. ಮಡಿಕೇರಿ ಚಳಿಯಲ್ಲಿ ಎಷ್ಟು ಆರಾಮವಾಗಿದ್ದರೂ ಹಾರ್ಡ್ ಡಿಸ್ಕ್ ತಿರುಗುವ ಮುಚ್ಚಿದ ಡಬ್ಬದ ಒಳಗೆ 45 ಡಿಗ್ರಿ ಆಗುವುದು ದೊಡ್ಡದೇನಲ್ಲ, ಅಲ್ಲಿ ದಿನಕ್ಕೆ ಇನ್ನೂ ಒಂದು ಸೆಕೆಂಡಿನಷ್ಟು ಹಿಂದೆ ಬೀಳುತ್ತೆ. ಟಿವಿ ಸ್ಟ್ಯಾಂಡಿನೊಳಗೆ ಬಟ್ಟೆ ಹೊದಿಸಿ ಇಡಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ರೀಸ್ಟಾರ್ಟ್‌ನಲ್ಲೂ ಎರಡು ಜಾತಿ

ಹೆಚ್ಚಿನ ಡಿವಿಆರ್‌ಗಳಲ್ಲಿ ಆಟೋ ರೀಬೂಟ್ ಅಥವಾ ಆಟೋ ಮೇಂಟೇನ್ ಅಂತ ಒಂದು ಸೆಟ್ಟಿಂಗ್ ಇರುತ್ತೆ. ವಾರಕ್ಕೊಮ್ಮೆಯೋ ದಿನಕ್ಕೊಮ್ಮೆಯೋ ಇಂಥ ಗಂಟೆಗೆ ತಾನೇ ಆರಿ ತಾನೇ ಹತ್ತಿಕೊಳ್ಳುತ್ತೆ. ತಿಂಗಳುಗಟ್ಟಲೆ ನಿಲ್ಲದೆ ಓಡಿದ ಸಾಫ್ಟ್‌ವೇರ್ ಮೆಮೊರಿಯನ್ನು ಹಿಡಿದುಕೊಂಡು ಬಿಡದೆ, ಕೊನೆಗೆ ತಡವರಿಸಲು ಶುರು ಮಾಡಬಹುದು. ಒಮ್ಮೆ ಆರಿಸಿ ಹತ್ತಿಸಿದರೆ ಸ್ಲೇಟು ಒರೆಸಿದ ಹಾಗೆ. ಇದರ ಜೊತೆಗೆ ವಾಚ್‌ಡಾಗ್ ಅನ್ನುವ ಕಾವಲು ಟೈಮರ್ ಬೇರೆ ಇರುತ್ತೆ. ಸಾಫ್ಟ್‌ವೇರ್ ಆಗಾಗ ಅದಕ್ಕೆ "ನಾನಿದ್ದೀನಿ" ಅಂತ ಹೇಳುತ್ತಿರಬೇಕು. ಸದ್ದಿಲ್ಲದಿದ್ದರೆ ಅದು ಡಿವಿಆರ್ ಅನ್ನು ಒದ್ದು ಎಬ್ಬಿಸುತ್ತೆ.

ಇಂಥ ರೀಸ್ಟಾರ್ಟ್‌ನಲ್ಲಿ ಅಡಾಪ್ಟರ್‌ನ ಕರೆಂಟ್ ಹೋಗುವುದಿಲ್ಲ. ಹಾಗಾಗಿ ಸೆಲ್ ಸತ್ತಿದ್ದರೂ ಕೈಗಡಿಯಾರ ನಿಲ್ಲಲ್ಲ, ತಾರೀಖು 2000ಕ್ಕೆ ಹೋಗಲ್ಲ. ಕರೆಂಟ್ ಹೋಗಿ ಆಗುವ ರೀಸ್ಟಾರ್ಟೇ ಬೇರೆ, ಅಲ್ಲಿ ಸೆಲ್ ಒಂದೇ ಗತಿ.

ಆದರೆ ಆಟೋ ರೀಬೂಟ್‌ನಲ್ಲಿ ಇನ್ನೊಂದು ಮೋಸ ಇದೆ, ಇದನ್ನು ಹಿಡಿಯಲು ನನಗೂ ತುಂಬಾ ದಿನ ಬೇಕಾಯಿತು. ಡಿವಿಆರ್ ಇಂಟರ್‌ನೆಟ್‌ನಿಂದ ಸರಿಯಾದ ಟೈಮ್ ತೆಗೆದುಕೊಂಡಿತು ಅಂದುಕೊಳ್ಳಿ. ಅದು ಸರಿ ಮಾಡಿಕೊಂಡಿದ್ದು ಮನಸ್ಸಿನ ಎಣಿಕೆಯನ್ನು. ಕೈಗಡಿಯಾರದ ಮುಳ್ಳನ್ನೂ ತಿರುಗಿಸಿತೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ. ಲಿನಕ್ಸ್‌ಗೆ ಸರಿಯಾಗಿ ಹೇಳಿಕೊಟ್ಟಿದ್ದರೆ ಅದು 11 ನಿಮಿಷಕ್ಕೊಮ್ಮೆ ಆರ್‌ಟಿಸಿಗೂ ಟೈಮ್ ಬರೆದಿಡುತ್ತೆ. ಹೇಳಿಕೊಡದ ಡಬ್ಬಗಳಲ್ಲಿ ಆರ್‌ಟಿಸಿ ತನ್ನ ಪಾಡಿಗೆ ತಾನು ಹಿಂದೆ ಬೀಳುತ್ತಲೇ ಇರುತ್ತೆ. ವಾರವಿಡೀ ಪರದೆಯ ಮೇಲೆ ಟೈಮ್ ಸರಿ. ರೀಬೂಟ್ ಆದ ಕೂಡಲೇ ಹಳೇ ಕೈಗಡಿಯಾರ ನೋಡಿ ಆರು ನಿಮಿಷ ಹಿಂದಕ್ಕೆ ಹಾರುತ್ತೆ. ಮತ್ತೆ ಇಂಟರ್‌ನೆಟ್‌ನ್ನು ಕೇಳಿದ ಮೇಲೆ ಮುಂದಕ್ಕೆ ಹಾರುತ್ತೆ. ನಾವು ಬೆಳಿಗ್ಗೆ ಎದ್ದು ನೋಡುವಾಗ ಎಲ್ಲ ಸರಿಯಾಗೇ ಇರುತ್ತೆ, ನಡುವೆ ಒಂದು ಗಂಟೆಯ ರೆಕಾರ್ಡಿಂಗ್ ಮಾತ್ರ ಆರು ನಿಮಿಷ ತಪ್ಪಿರುತ್ತೆ.

ಟೈಮ್ ಹಿಂದಕ್ಕೆ ಹಾರಿದಾಗ ಇನ್ನೊಂದು ಗೋಜಲು. ಹಾರ್ಡ್ ಡಿಸ್ಕ್‌ನಲ್ಲಿ ಒಂದೇ ಟೈಮಿಗೆ ಎರಡು ರೆಕಾರ್ಡಿಂಗ್ ಆಗುತ್ತೆ, ಕೆಲಸದವರ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದಲ್ಲಿ ಒಂದೇ ತಾರೀಖಿಗೆ ಎರಡು ಪುಟ ಇದ್ದ ಹಾಗೆ. ಹುಡುಕುವಾಗ ಒಂದು ಸಿಕ್ಕರೆ ಇನ್ನೊಂದು ಅಡಗಿರಬಹುದು. ಚಿಕ್ಕಪ್ಪನ ಡಿವಿಆರ್‌ನಲ್ಲಿ 1-1-2000ರ ಕೆಳಗೆ ಎಷ್ಟೋ ಕರೆಂಟ್ ಕಟ್‌ನ ತುಣುಕುಗಳು ಒಂದರ ಮೇಲೊಂದು ಕೂತಿದ್ದವು. ಒಂದರಲ್ಲಿ ಜೋರು ಮಳೆ, ಒಂದರಲ್ಲಿ ಖಾಲಿ ಕಣ, ಒಂದರಲ್ಲಿ ಚೆರಿ ರಾಶಿ.

ರೀಸ್ಟಾರ್ಟ್ ಯಾವ ಜಾತಿಯದ್ದು ಅಂತ ತಿಳಿಯಲು ಡಿವಿಆರ್‌ನ ಲಾಗ್, ಅಂದರೆ ಯಾವಾಗ ಏನಾಯಿತು ಅಂತ ಅದು ಬರೆದಿಡುವ ಪಟ್ಟಿ, ನೋಡಿ. ವಾರಕ್ಕೊಮ್ಮೆ ಒಂದೇ ಗಂಟೆಗೆ ಆಗುತ್ತಿದ್ದರೆ ಅದು ಸೆಟ್ಟಿಂಗ್. ಹೊತ್ತುಗೊತ್ತಿಲ್ಲದೆ ದಿನಕ್ಕೆ ನಾಲ್ಕು ಸಲ ಆಗುತ್ತಿದ್ದರೆ ಅಡಾಪ್ಟರ್ ಸೋತಿರಬಹುದು, ವೋಲ್ಟೇಜ್ ಏರಿಳಿಯುತ್ತಿರಬಹುದು, ಹಾರ್ಡ್ ಡಿಸ್ಕ್ ಕೈಕೊಡುತ್ತಿರಬಹುದು. ಇವನ್ನು ಟೈಮ್ ಸೆಟ್ಟಿಂಗ್‌ನಲ್ಲಿ ಹುಡುಕಿ ಪ್ರಯೋಜನ ಇಲ್ಲ.

ಹೊರಗಿನವರನ್ನು ಟೈಮ್ ಕೇಳುವುದು

ಮೊದಲು ಮಡಿಕೇರಿ ಆಕಾಶವಾಣಿಯಲ್ಲಿ ಟೈಮ್ ಹೇಳಿದಾಗ ಎಷ್ಟೋ ಮನೆಗಳಲ್ಲಿ ಗೋಡೆ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಡಿವಿಆರ್‌ಗೆ ಅಂಥ ಆಕಾಶವಾಣಿ ಅಂದರೆ ಎನ್‌ಟಿಪಿ, ಅಂದರೆ ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್. ಇಂಟರ್‌ನೆಟ್ ಮೂಲಕ ಟೈಮ್ ಕೇಳುವ, ಹೇಳುವ ಪದ್ಧತಿ ಇದು. ಅಮೆರಿಕದ ಡೇವಿಡ್ ಮಿಲ್ಸ್ ರೂಪಿಸಿದ್ದು, 1985ರಿಂದ ಬಳಕೆಯಲ್ಲಿದೆ.

ಉತ್ತರ ಬರಲು ಹಿಡಿಯುವ ಹೊತ್ತನ್ನು ಅದು ಹೇಗೆ ನಿಭಾಯಿಸುತ್ತೆ ಅನ್ನುವುದು ಚೆಂದ ಇದೆ. ನಿಮ್ಮ ಗಡಿಯಾರದಲ್ಲಿ 9:00 ಆಗಿದ್ದಾಗ ಪಕ್ಕದ ತೋಟಕ್ಕೆ ಹುಡುಗನನ್ನು ಕಳಿಸಿದಿರಿ, ಟೈಮ್ ಕೇಳಿಕೊಂಡು ಬಾ ಅಂತ. ಅವನು ಬಂದಾಗ ನಿಮ್ಮ ಗಡಿಯಾರದಲ್ಲಿ 9:20. ಅಲ್ಲಿ ಹೇಳಿದ್ದು 9:45. ಹೋಗಿಬರಲು ಇಪ್ಪತ್ತು ನಿಮಿಷ, ಅಂದರೆ ಬರೋದಕ್ಕೆ ಹತ್ತು. ಹಾಗಾದರೆ ಈಗ ನಿಜವಾಗಿ 9:55, ನಿಮ್ಮ ಗಡಿಯಾರ 35 ನಿಮಿಷ ಹಿಂದೆ. ಎನ್‌ಟಿಪಿ ಮಾಡುವುದೂ ಇದೇ ಲೆಕ್ಕ, ನಿಮಿಷದ ಬದಲು ಮಿಲಿಸೆಕೆಂಡ್‌ನಲ್ಲಿ. ಕೇಳುವ ಪತ್ರದ ಗಾತ್ರ ಬರೀ 48 ಬೈಟ್. ಸಿಮ್ ಹಾಕಿದ ಸಣ್ಣ ರೂಟರ್ ಇದ್ದರೂ ಸಾಕು, ಗಂಟೆಗೊಮ್ಮೆ ಕೇಳಿದರೆ ದಿನಕ್ಕೆ ಕೆಲವೇ ಕೆಬಿ ಡೇಟಾ. ವಿಡಿಯೋವನ್ನು ಮೊಬೈಲ್‌ನಲ್ಲಿ ನೋಡಲು ಸಿಗ್ನಲ್ ಸಾಲದ ಕಡೆಯೂ ಟೈಮ್ ಮಾತ್ರ ಬಂದು ತಲುಪುತ್ತೆ.

ಯಾರನ್ನು ಕೇಳಬೇಕು? ಭಾರತದ ಅಧಿಕೃತ ಸಮಯವನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಪರಮಾಣು ಗಡಿಯಾರಗಳಿಂದ ಕಾಯುತ್ತೆ. ಅವರ ಸರ್ವರ್ ಹೆಸರು ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್. ಗೂಗಲ್‌ನದ್ದು ಟೈಮ್ ಡಾಟ್ ಗೂಗಲ್ ಡಾಟ್ ಕಾಮ್. ಯಾವುದಾದರೂ ಆದೀತು. ಪೋರ್ಟ್ ಅಂತ ಕೇಳಿದರೆ 123.

ಮೆನುವಿನಲ್ಲಿ ಎಡವುವ ಜಾಗಗಳು

ಟೈಮ್ ಜೋನ್ ಮೊದಲು. ಎನ್‌ಟಿಪಿ ಹೇಳುವುದು ಇಡೀ ಜಗತ್ತಿಗೆ ಒಂದೇ ಆದ ಯುಟಿಸಿ ಸಮಯವನ್ನು. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಟೈಮ್. ಹೊರಗಿನಿಂದ ಬಂದ ಕೆಲವು ಡಬ್ಬಗಳಲ್ಲಿ ಇದು ಚೀನಾದ ಎಂಟು ಗಂಟೆಯಲ್ಲೇ ಕೂತಿರುತ್ತೆ. ಕೈಯಲ್ಲಿ ಟೈಮ್ ಇಟ್ಟರೆ ಸರಿಯಾಗೇ ಕಾಣುತ್ತೆ, ಎನ್‌ಟಿಪಿ ಆನ್ ಮಾಡಿದ ಕೂಡಲೇ ಸರಿಯಾಗಿ ಎರಡೂವರೆ ಗಂಟೆ ಮುಂದಕ್ಕೆ ಹೋಗುತ್ತೆ. "ಇಂಟರ್‌ನೆಟ್ ಟೈಮೇ ಸರಿ ಇಲ್ಲ" ಅಂತ ಅದನ್ನು ಆಫ್ ಮಾಡಿಟ್ಟವರನ್ನು ನೋಡಿದ್ದೇನೆ. ಜಿಎಂಟಿ ಪ್ಲಸ್ 5:30 ಆರಿಸಿ. ಡಿಎಸ್‌ಟಿ ಅಂತ ಇದ್ದರೆ ಆಫ್ ಮಾಡಿ, ಬೇಸಿಗೆಗೆ ಒಂದು ಗಂಟೆ ಮುಂದಿಡುವ ಆ ಪದ್ಧತಿ ನಮ್ಮಲ್ಲಿಲ್ಲ.

ಆಮೇಲೆ ಡಿಎನ್‌ಎಸ್. ಸರ್ವರ್‌ನ ಹೆಸರು ಕೊಟ್ಟರೆ ನಂಬರ್ ಹುಡುಕಿಕೊಡುವ ಫೋನ್ ಡೈರೆಕ್ಟರಿ ಇದು. ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಡಿವಿಆರ್‌ನ ನಂಬರ್, ಕೈಯಲ್ಲಿ ತುಂಬಿ ಡಿಎನ್‌ಎಸ್ ಜಾಗವನ್ನು ಹಾಗೇ ಬಿಟ್ಟಿದ್ದರೆ ಡಿವಿಆರ್‌ಗೆ ಸರ್ವರ್ ಸಿಗುವುದೇ ಇಲ್ಲ, ಅದು ಹೇಳುವುದೂ ಇಲ್ಲ. 8.8.8.8 ಹಾಕಿ, ಎನ್‌ಟಿಪಿ ಪುಟದಲ್ಲಿ ಟೆಸ್ಟ್ ಅಥವಾ ಅಪ್‌ಡೇಟ್ ಗುಂಡಿ ಒತ್ತಿ ನೋಡಿ.

ಇನ್ನು ಇಂಟರ್‌ವಲ್, ಅಂದರೆ ಎಷ್ಟು ನಿಮಿಷಕ್ಕೊಮ್ಮೆ ಕೇಳಬೇಕು ಅನ್ನೋದು. ಕರೆಂಟ್ ಬಂದಾಗ ಡಿವಿಆರ್ ಒಂದು ನಿಮಿಷದಲ್ಲಿ ಎದ್ದು ಟೈಮ್ ಕೇಳುತ್ತೆ. ಆಗಿನ್ನೂ ರೂಟರ್ ಕಣ್ಣುಜ್ಜಿಕೊಳ್ಳುತ್ತಿರುತ್ತೆ. ಉತ್ತರ ಬರಲಿಲ್ಲ ಅಂತ ಡಿವಿಆರ್ ಸುಮ್ನೆ ಕೂರುತ್ತೆ, ಇಂಟರ್‌ವಲ್ ಮುಗಿಯುವವರೆಗೆ ಮತ್ತೆ ಕೇಳಲ್ಲ. ಅಲ್ಲಿ 1440 ಇದ್ದರೆ ಒಂದು ಇಡೀ ದಿನ ಹೋಯಿತು. ಅದನ್ನು ಹತ್ತೋ ಹದಿನೈದೋ ಮಾಡಿ. ರೂಟರ್ ಮತ್ತು ಡಿವಿಆರ್ ಎರಡನ್ನೂ ಒಂದೇ ಸಣ್ಣ ಯುಪಿಎಸ್‌ಗೆ ಹಾಕಿದರೆ ಸಣ್ಣಪುಟ್ಟ ಕರೆಂಟ್ ಕಟ್‌ನಲ್ಲಿ ಈ ತಾಪತ್ರಯವೇ ಬರಲ್ಲ. ಡಿವಿಆರ್‌ಗೆ ಮಾತ್ರ ಯುಪಿಎಸ್ ಕೊಟ್ಟು ರೂಟರ್ ಮರೆಯುವವರು ಜಾಸ್ತಿ.

ಆಟೋ ರೀಬೂಟ್‌ನ ಗಂಟೆಯನ್ನೂ ಒಮ್ಮೆ ನೋಡಿ. ಸಾಮಾನ್ಯವಾಗಿ ರಾತ್ರಿ ಎರಡು ಗಂಟೆಗೆ ಇಟ್ಟಿರುತ್ತಾರೆ, ಅಂಗಡಿ ಆಫೀಸಿಗೆ ಅದು ಸರಿ. ತೋಟದಲ್ಲಿ ಕಳ್ಳನೂ ಆನೆಯೂ ಬರುವ ಹೊತ್ತು ಅದೇ. ರೀಬೂಟ್ ಆಗುವ ಒಂದೆರಡು ನಿಮಿಷ ರೆಕಾರ್ಡಿಂಗ್ ಇರಲ್ಲ. ನಾನಂತೂ ಚಿಕ್ಕಪ್ಪನ ಡಿವಿಆರ್‌ಗೆ ಮಧ್ಯಾಹ್ನ ಒಂದೂವರೆ ಇಟ್ಟೆ, ಎಲ್ಲರೂ ಕಣದ ಪಕ್ಕದಲ್ಲೇ ಊಟಕ್ಕೆ ಕೂತಿರುತ್ತಾರೆ.

ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವ ಐಪಿ ಕ್ಯಾಮೆರಾ, ಅದರ ರೆಕಾರ್ಡರ್ ಆದ ಎನ್‌ವಿಆರ್ ಇರುವವರಿಗೆ ಒಂದು ಮಾತು. ಅಲ್ಲಿ ಪ್ರತಿ ಕ್ಯಾಮೆರಾಕ್ಕೂ ತನ್ನದೇ ಗಡಿಯಾರ ಇರುತ್ತೆ, ಚಿತ್ರದ ಮೇಲೆ ಬೀಳುವುದು ಕ್ಯಾಮೆರಾದ ಟೈಮ್. ಕ್ಯಾಮೆರಾಗಳೂ ಎನ್‌ಟಿಪಿ ಕೇಳುವಂತೆ ಮಾಡಬೇಕು.

ಸೆಲ್ ಸತ್ತಿದೆಯಾ ಅಂತ ನೋಡುವುದು

ಡಬ್ಬ ಬಿಚ್ಚುವ ಮೊದಲೇ ಗೊತ್ತು ಮಾಡಿಕೊಳ್ಳಬಹುದು. ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ, ಇಲ್ಲದಿದ್ದರೆ ಎನ್‌ಟಿಪಿ ಬಂದು ತಪ್ಪನ್ನು ಮುಚ್ಚಿಹಾಕುತ್ತೆ. ಡಿವಿಆರ್ ಪ್ಲಗ್ ತೆಗೆದು ಎರಡು ಮೂರು ಗಂಟೆ ಬಿಡಿ. ಹತ್ತು ನಿಮಿಷ ಸಾಲದು, ಕೆಲವು ಬೋರ್ಡ್‌ಗಳಲ್ಲಿ ಸೆಲ್ ಬದಲು ಕೆಪಾಸಿಟರ್ ಇರುತ್ತೆ, ಅದು ಸ್ವಲ್ಪ ಹೊತ್ತು ತಡೆಯುತ್ತೆ. ಮತ್ತೆ ಹಾಕಿದಾಗ ಟೈಮ್ ಸರಿ ಇದ್ದರೆ ಸೆಲ್ ಬದುಕಿದೆ.

ಸತ್ತಿದ್ದರೆ ಪ್ಲಗ್ ತೆಗೆದು ಮುಚ್ಚಳ ಬಿಚ್ಚಿ. ಚಿಕ್ಕಪ್ಪನ ಡಿವಿಆರ್‌ನ ಸೆಲ್‌ಗೆ ಮೀಟರ್ ಇಟ್ಟಾಗ 0.9 ವೋಲ್ಟ್ ತೋರಿಸಿತು, ಅಂಚಿನಲ್ಲಿ ಹಸಿರು ಕಿಲುಬು ಬೇರೆ. ನಮ್ಮ ಮಳೆಗಾಲದ ತೇವಕ್ಕೆ ಅದೇನು ಹೊಸದಲ್ಲ. ಹಿಡಿಕೆಯನ್ನು ಒರೆಸಿ, ಪ್ಲಸ್ ಗುರುತು ಮೇಲೆ ಬರುವಂತೆ ಹೊಸದು ಹಾಕಿದೆ. ಸೆಲ್‌ಗೆ ಬೆಸುಗೆ ಹಾಕಿದ್ದರೆ ರಿಪೇರಿಯವರಿಗೇ ಕೊಡಿ. ತೆಗೆದ ಸೆಲ್ ಮಕ್ಕಳ ಕೈಗೆ ಸಿಗದಿರಲಿ, ನುಂಗಿದರೆ ತುಂಬಾ ಅಪಾಯ.

ತಪ್ಪು ಟೈಮಿನ ರೆಕಾರ್ಡಿಂಗ್ ಕೈಯಲ್ಲಿದ್ದರೆ

ಏನಾದರೂ ಆಗಿಹೋದ ಮೇಲೆ ಮೊದಲು ಟೈಮ್ ಸರಿ ಮಾಡಲು ಹೋಗಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಡಿವಿಆರ್ ಪರದೆಯ ಪಕ್ಕ ಮೊಬೈಲ್ ಹಿಡಿದು, ಎರಡರ ಟೈಮೂ ಕಾಣುವಂತೆ ಇನ್ನೊಂದು ಫೋನ್‌ನಲ್ಲಿ ಫೋಟೋ ತೆಗೆಯಿರಿ. ಎಷ್ಟು ವ್ಯತ್ಯಾಸ ಇದೆ ಅನ್ನುವುದಕ್ಕೆ ಅದೇ ಆಧಾರ.

ನಾವು ಹಾಗೇ ಮಾಡಿದೆವು. ಫೋನ್‌ನಲ್ಲಿ ಬೆಳಿಗ್ಗೆ 9:00, ಡಿವಿಆರ್‌ನಲ್ಲಿ 20:02. ಅಂದರೆ ಡಿವಿಆರ್ ಟೈಮಿಗೆ 12 ಗಂಟೆ 58 ನಿಮಿಷ ಸೇರಿಸಿದರೆ ನಿಜವಾದ ಟೈಮ್. ಆಮೇಲೆ 1-1-2000ರ ತುಣುಕುಗಳಲ್ಲಿ ಚೆರಿ ರಾಶಿ ಇದ್ದದ್ದನ್ನು ಹಿಡಿದು ಓಡಿಸಿದೆವು. 13:12ಕ್ಕೆ, ಮೂಲೆಯಲ್ಲಿ ಮಧ್ಯಾಹ್ನ ಅಂತ ಇದ್ದರೂ ಚಿತ್ರ ಮಾತ್ರ ಕತ್ತಲಲ್ಲಿ ಬರುವ ಕಪ್ಪು ಬಿಳುಪು, ಲೈಟ್ ಹಾಕದ ಒಂದು ಪಿಕಪ್ ಗಾಡಿ ಹಿಂದಕ್ಕೆ ಬಂದು ನಿಂತಿತು. ಸೇರಿಸಿದರೆ ರಾತ್ರಿ 2:10.

ನಡುವೆ ಇನ್ನೊಮ್ಮೆ ರೀಸ್ಟಾರ್ಟ್ ಆಗಿದ್ದರೆ ಈ ಲೆಕ್ಕ ಕೆಡುತ್ತೆ, ಹಾಗಾಗಿ ಇನ್ನೊಂದು ಸಾಕ್ಷಿ ಬೇಕು. ಬೆಳಿಗ್ಗೆ ಚಿಕ್ಕಪ್ಪ ಕಣದ ಕೆಲಸದವನಿಗೆ ಫೋನ್ ಮಾಡಿ, ಮಂಜು ಬಿದ್ದಿದೆ, ಟಾರ್ಪಾಲ್ ಈಗಲೇ ತೆಗೀಬೇಡ ಅಂದಿದ್ದರು. ಅವರ ಮೊಬೈಲ್‌ನ ಕಾಲ್ ಪಟ್ಟಿಯಲ್ಲಿ 6:45 ಇತ್ತು. ರೆಕಾರ್ಡಿಂಗ್‌ನಲ್ಲಿ ಅವನು ಅಂಗಿ ಜೇಬಿನಿಂದ ಫೋನ್ ತೆಗೆದು ಕಿವಿಗಿಟ್ಟುಕೊಂಡದ್ದು 17:47ಕ್ಕೆ. ಸೇರಿಸಿ ನೋಡಿ, ಸರಿಯಾಗಿ 6:45.

ಬಿಸಿಲಿನ ನೆರಳು ನೋಡಿ ಟೈಮ್ ಹೇಳಲು ಹೋಗುವವರು ಒಂದು ವಿಷಯ ನೆನಪಿಡಿ. ನಮ್ಮ ದೇಶದ ಟೈಮ್ 82.5 ಡಿಗ್ರಿ ರೇಖಾಂಶದ್ದು, ಮಡಿಕೇರಿ ಇರುವುದು ಸುಮಾರು 75.7ರಲ್ಲಿ. ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12:27ರ ಹೊತ್ತಿಗೆ, ಹನ್ನೆರಡಕ್ಕಲ್ಲ.

ಪೊಲೀಸರಿಗೆ ಕೊಡುವಾಗ ಕಾಪಿಯ ಜೊತೆ ಆ ಫೋಟೋ ಮತ್ತು ವ್ಯತ್ಯಾಸದ ಲೆಕ್ಕವನ್ನೂ ಬರೆದುಕೊಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಇರಬೇಕು. ಯಾವ ಯಂತ್ರ, ಯಾವ ಮಾಡೆಲ್, ಸೀರಿಯಲ್ ನಂಬರ್ ಏನು ಅನ್ನುವುದರ ಜೊತೆಗೆ ಫೈಲ್‌ನ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ತುಂಬಬೇಕು. ಹ್ಯಾಶ್ ಅಂದರೆ ಫೈಲ್‌ನ ಬೆರಳಚ್ಚು, ಒಳಗೆ ಒಂದಕ್ಷರ ಬದಲಾದರೂ ಅದು ಬೇರೆಯಾಗುತ್ತೆ. ಹಾಗಾಗಿ ರೆಕಾರ್ಡಿಂಗ್ ಮೇಲಿನ ತಪ್ಪು ಟೈಮನ್ನು ಎಡಿಟ್ ಮಾಡಿ "ಸರಿ" ಮಾಡಿಕೊಡುವ ಯೋಚನೆ ಬೇಡ. ತಪ್ಪು ಟೈಮ್ ಹಾಗೇ ಇರಲಿ, ಎಷ್ಟು ತಪ್ಪು ಅನ್ನುವುದು ಪಕ್ಕದಲ್ಲಿರಲಿ.

ಇಂಟರ್‌ನೆಟ್ ಬಾರದ ತೋಟಗಳಲ್ಲಿ ಕೈಯಲ್ಲೇ ಟೈಮ್ ಇಡಬೇಕು, ಬೇರೆ ದಾರಿ ಇಲ್ಲ. ಆಗಲೂ ಬದಲಿಸುವ ಮೊದಲು ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಚಿಕ್ಕಪ್ಪನಲ್ಲಿ ಈಗ ಇಂಟರ್‌ನೆಟ್ ಇದ್ದರೂ ರೈಟರ್ ತಿಂಗಳ ಒಂದನೇ ತಾರೀಖು ಚೆಕ್‌ರೋಲ್ ಪುಸ್ತಕದ ಹಿಂದಿನ ಪುಟದಲ್ಲಿ ಎರಡು ಟೈಮ್ ಬರೆಯುತ್ತಾರೆ, ಫೋನ್‌ನದ್ದೊಂದು, ಡಿವಿಆರ್‌ನದ್ದೊಂದು. ಮಾರ್ಚ್‌ನಲ್ಲಿ ಹೋದಾಗ ನೋಡಿದೆ. ಎರಡೂ 8:15.